ಮೊಬೈಲ್ ಸಂತೆಯಲ್ಲಿ ನಿಮ್ಮ ಮಾಲು: ಕಾಟವಾಗದಂತೆ ತಿಳಿಸುವ ಬಗೆ



ಬೆಳೆಯುವುದು ಒಂದು ಕಸುಬು, ಬೆಳೆದದ್ದನ್ನು ಮಾರುವುದು ಇನ್ನೊಂದು ಕಸುಬು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ನಮ್ಮ ರೈತರು ಮೊದಲನೆಯದರಲ್ಲಿ ನಿಪುಣರು. ಮಳೆ ಕೈಕೊಟ್ಟರೂ ಈರುಳ್ಳಿ, ರಾಗಿ, ಸಾವೆ ಬೆಳೆಯುತ್ತಾರೆ. ಕೊಳವೆಬಾವಿಯ ಅಷ್ಟಿಷ್ಟು ನೀರಿನಲ್ಲೇ ದಾಳಿಂಬೆ, ತೆಂಗು, ಅಡಿಕೆ ಉಳಿಸಿಕೊಳ್ಳುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಎರಡನೆಯ ಕಸುಬಿಗೂ ಕೈ ಹಾಕಿ, ತಮ್ಮ ಮಾಲಿನ ವಿಷಯವನ್ನು ವಾಟ್ಸಾಪ್ ಗುಂಪುಗಳಲ್ಲಿ, ಫೇಸ್‌ಬುಕ್‌ನಲ್ಲಿ, ಯೂಟ್ಯೂಬ್‌ನಲ್ಲಿ ತಾವೇ ತಿಳಿಸುತ್ತಿದ್ದಾರೆ. ಇದು ಸಂತೋಷದ ಬೆಳವಣಿಗೆ. ಆದರೆ ತಿಳಿಸುವ ಕ್ರಮ ತಪ್ಪಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಈ ಮಾತನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನನ್ನದೇ ಒಂದು ತಪ್ಪು ಸಲಹೆಯಿಂದ ಕಲಿತು ಹೇಳುತ್ತಿದ್ದೇನೆ.

ನಾನು ಕೊಟ್ಟ ತಪ್ಪು ಸಲಹೆ

ಕೆಲವು ವರ್ಷಗಳ ಹಿಂದೆ ಹೊಸದುರ್ಗ ಕಡೆಯ ರೈತರೊಬ್ಬರು ಕಚೇರಿಗೆ ಬಂದರು. ಹೊಲದಲ್ಲಿ ಇನ್ನೂರು ಚೀಲದಷ್ಟು ಈರುಳ್ಳಿ ಕಿತ್ತು ರಾಶಿ ಹಾಕಿದ್ದರು. ಮಂಡಿಯಲ್ಲಿ ಬೆಲೆ ಬಿದ್ದಿತ್ತು. ನೇರವಾಗಿ ಮಾರುವ ದಾರಿ ಕೇಳಿದರು. ಕೈತುಂಬ ಕೆಲಸವಿದ್ದ ಹೊತ್ತು, ನಾನು ಹೆಚ್ಚು ಯೋಚಿಸದೆ, “ಒಂದು ಫೋಟೋ ತೆಗೆದು ಎಲ್ಲ ಗುಂಪುಗಳಿಗೂ ಹಾಕಿ, ದಿನಾ ಹಾಕುತ್ತಿರಿ” ಎಂದುಬಿಟ್ಟೆ.

ಅವರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದರು. ತಾವಿದ್ದ ಹದಿನಾಲ್ಕು ಗುಂಪುಗಳಿಗೂ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅದೇ ಫೋಟೋ, ಅದೇ ಮಾತು. ಶಾಲೆಯ ಹಳೆಯ ವಿದ್ಯಾರ್ಥಿಗಳ ಗುಂಪಿಗೂ ಹೋಯಿತು, ದೇವಸ್ಥಾನದ ಜೀರ್ಣೋದ್ಧಾರದ ಗುಂಪಿಗೂ ಹೋಯಿತು. ಮೊದಲ ದಿನ ಮೂರು ಕರೆಗಳು ಬಂದವು. ನಾಲ್ಕನೆಯ ದಿನ ಒಂದೂ ಇಲ್ಲ. ಐದನೆಯ ದಿನ ಎರಡು ಗುಂಪುಗಳಿಂದ ಅವರನ್ನು ಹೊರಗೆ ಹಾಕಿದರು. ಎಂಟನೆಯ ದಿನ ರಾತ್ರಿ ಮಳೆ ಬಂತು. ರಾಶಿ ಮುಚ್ಚಲು ತಾಡಪಾಲು ಸಾಲದು, ಸಾಗಿಸಲು ಗಾಡಿಯೂ ಬೇಕು ಎಂದು ಅವರು ನಿಜವಾದ ಆಪತ್ತಿನಲ್ಲಿ ಸಂದೇಶ ಹಾಕಿದರು. ಅಕ್ಕಪಕ್ಕದ ಊರಿನಲ್ಲಿಯೇ ತಾಡಪಾಲು ಇದ್ದವರಿದ್ದರು. ಆದರೆ ಅವರ ಸಂದೇಶವನ್ನು ಯಾರೂ ತೆರೆದು ನೋಡಲಿಲ್ಲ. ರಾಶಿಯಲ್ಲಿ ಒಂದು ಪಾಲು ಕೊಳೆಯಿತು, ಉಳಿದದ್ದು ಸಿಕ್ಕ ಬೆಲೆಗೆ ಮಂಡಿಗೆ ಹೋಯಿತು.

ಆಮೇಲೆ ಸಿಕ್ಕಾಗ ಅವರು ಸಿಟ್ಟಾಗಲಿಲ್ಲ. “ಸಾರ್, ನೀವು ಹೇಳ್ದಂಗೇ ಮಾಡ್ದೆ. ಈಗ ನನ್ನ ಹೆಸರು ಕಂಡ್ರೆ ಸಾಕು, ಜನ ಮುಂದಕ್ಕೆ ತಳ್ತಾರೆ” ಎಂದಷ್ಟೇ ಹೇಳಿದರು. ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಆ ಮೇಲೆ ಈ ವಿಷಯವನ್ನು ಬೆಳೆ ವಿಷಯದಷ್ಟೇ ಗಮನವಿಟ್ಟು ನೋಡತೊಡಗಿದೆ. ತಿಳಿದುಬಂದದ್ದನ್ನು ಇಲ್ಲಿ ಕೊಟ್ಟಿದ್ದೇನೆ.

ಜನಕ್ಕೆ ಬೇಸರವಾಗುವುದು ಏಕೆ?

ವಾಟ್ಸಾಪ್ ಗುಂಪು ಎಂದರೆ ಊರಿನ ಅರಳಿಕಟ್ಟೆ ಇದ್ದಂತೆ. ಅಲ್ಲಿ ಮಳೆಯ ಮಾತು, ಮದುವೆಯ ಮಾತು, ಜಾತ್ರೆಯ ಮಾತು ನಡೆಯುತ್ತದೆ. ಅದರ ನಡುವೆ ಒಬ್ಬರು, “ನಮ್ಮಲ್ಲಿ ಈ ಸಲ ಕಾಯಿ ಚೆನ್ನಾಗಿದೆ, ಬೇಕಾದವರು ಹೇಳಿ” ಎಂದರೆ ಯಾರೂ ಬೇಡವೆನ್ನರು. ಆದರೆ ಅದೇ ವ್ಯಕ್ತಿ ದಿನಕ್ಕೆ ಎರಡು ಸಲ ಕಟ್ಟೆಗೆ ಬಂದು, ಯಾರ ಮಾತನ್ನೂ ಕೇಳದೆ, “ಕಾಯಿ ಕೊಳ್ಳಿ, ಕಾಯಿ ಕೊಳ್ಳಿ” ಎಂದು ಕೂಗಿ ಹೊರಟುಹೋದರೆ? ಮೂರನೆಯ ದಿನ ಅವನು ಬರುವುದು ಕಂಡರೆ ಜನ ಎದ್ದು ಹೋಗುತ್ತಾರೆ. ಮೊಬೈಲಿನಲ್ಲಿ ಎದ್ದು ಹೋಗುವ ಕೆಲಸ ಇನ್ನೂ ಸುಲಭ. ಹೆಸರನ್ನು ಒತ್ತಿ ಸದ್ದು ಅಡಗಿಸಿದರೆ ಆಯಿತು. ನಿಮಗೆ ಅದು ತಿಳಿಯುವುದೂ ಇಲ್ಲ.

ಹಾಗಾದರೆ ಜನ ಯಾವುದನ್ನು ಇಷ್ಟಪಟ್ಟು ನೋಡುತ್ತಾರೆ? 2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದುದನ್ನು ನೆನಪು ಮಾಡಿಕೊಳ್ಳಿ. ನಮ್ಮ ಕಡೆಯ ಎಲ್ಲ ಗುಂಪುಗಳಲ್ಲಿ ಅದೇ ಚಿತ್ರ, ಅದೇ ವಿಡಿಯೋ. ಒಂದೇ ದಿನ ಇಪ್ಪತ್ತು ಸಲ ನೋಡಿದರೂ ಯಾರೂ ಕಾಟ ಎನ್ನಲಿಲ್ಲ. ಏಕೆಂದರೆ ಅದು ಎಲ್ಲರಿಗೂ ಬೇಕಾದ ಸುದ್ದಿಯಾಗಿತ್ತು. ಹಾಕಿದವರಿಗೆ ಎಷ್ಟು ಸಂತೋಷವೋ ನೋಡಿದವರಿಗೂ ಅಷ್ಟೇ ಸಂತೋಷ. ನೀವು ಏನನ್ನಾದರೂ ಗುಂಪಿಗೆ ಹಾಕುವ ಮೊದಲು, “ನನ್ನ ಮಾಲನ್ನು ಕೊಳ್ಳದವರಿಗೂ ಇದರಿಂದ ಏನಾದರೂ ಉಪಯೋಗವಿದೆಯೇ?” ಎಂದು ಕೇಳಿಕೊಳ್ಳಿ. ಇದೆ ಎಂದಾದರೆ ಹಾಕಿ. ಇಲ್ಲವೆಂದಾದರೆ ಹಂಗಾಮಿಗೆ ಒಂದೆರಡು ಸಲ ಮಾತ್ರ ಹಾಕಿ.

ಎರಡು ಉದಾಹರಣೆಗಳು

ಮೊದಲನೆಯದು ನಮ್ಮ ಹಿರಿಯೂರು ತಾಲ್ಲೂಕಿನದು. 2020ರ ಏಪ್ರಿಲ್ ತಿಂಗಳಲ್ಲಿ, ಲಾಕ್‌ಡೌನಿನಿಂದ ಸಾಗಣೆ, ಸಂತೆ ಎಲ್ಲವೂ ನಿಂತಿದ್ದಾಗ, ಒಬ್ಬ ರೈತ ಮಹಿಳೆ ತಾವು ಬೆಳೆದ ಈರುಳ್ಳಿ ಮಾರಾಟವಾಗದ ಕಷ್ಟವನ್ನು ವಿಡಿಯೋದಲ್ಲಿ ಹೇಳಿಕೊಂಡರು. ಅದು ಕೈಯಿಂದ ಕೈಗೆ ಹರಡಿ, ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಅವರಿಗೆ ದೂರವಾಣಿ ಮಾಡಿ ಮಾತನಾಡಿದರು. ಇದ್ದದ್ದನ್ನು ಇದ್ದಂತೆ ಹೇಳಿದ ಮಾತಿಗೆ ಎಷ್ಟು ಬಲವಿದೆ ಎಂಬುದಕ್ಕೆ ಇದು ಸಾಕ್ಷಿ. ಆದರೆ ಇದನ್ನು ನೋಡಿ ಪ್ರತಿ ಹಂಗಾಮಿನಲ್ಲೂ ಕಷ್ಟದ ವಿಡಿಯೋ ಮಾಡಲು ಹೊರಟರೆ ಕೆಲಸ ಕೆಡುತ್ತದೆ. ಕಷ್ಟ ಹೇಳಿಕೊಳ್ಳುವ ಮಾತು ಆಪತ್ತಿಗೆ ಇಟ್ಟುಕೊಂಡ ಬೀಜದ ಚೀಲದಂತೆ. ದಿನಾ ಬಿಚ್ಚಿದರೆ ಬೇಕಾದಾಗ ಖಾಲಿಯಾಗಿರುತ್ತದೆ.

ಎರಡನೆಯದು ಕರಾವಳಿ ಮತ್ತು ಮಲೆನಾಡಿನ ಕಡೆಯದು. ಪುತ್ತೂರಿನಿಂದ 1988ರಿಂದ ಪ್ರಕಟವಾಗುತ್ತ ಬಂದಿರುವ ‘ಅಡಿಕೆ ಪತ್ರಿಕೆ’ಯನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಕೃಷಿಕರ ಕೈಗೆ ಲೇಖನಿ ಕೊಡಬೇಕು ಎಂಬುದು ಅದರ ಧ್ಯೇಯ. ಅಂದರೆ ಬೆಳೆದವರೇ ತಮ್ಮ ಅನುಭವ ಬರೆಯಬೇಕು ಎಂಬುದು. 2021ರಲ್ಲಿ ಬಾಳೆಗೆ ಬೆಲೆ ಬಿದ್ದಾಗ ಈ ಪತ್ರಿಕೆಯವರು ಮತ್ತು ಅವರೊಡನೆ ಸೇರಿದ ಕೃಷಿಕರು ಬಾಳೆಕಾಯಿ ಹುಡಿ ಮಾಡುವ ಆಂದೋಲನ ಎಬ್ಬಿಸಿದರು. ಅದಕ್ಕೆ ‘ಬಾಕಾಹು’ ಎಂದು ಹೆಸರಾಯಿತು. ವಾಟ್ಸಾಪ್ ಗುಂಪುಗಳಲ್ಲಿ ಅವರು, “ನಮ್ಮ ಬಾಳೆ ಕೊಳ್ಳಿ” ಎಂದು ಕೂಗಲಿಲ್ಲ. ಕಾಯಿಯನ್ನು ಹೆಚ್ಚಿ ಒಣಗಿಸಿ ಹುಡಿ ಮಾಡುವುದು ಹೇಗೆ ಎಂದು ತಿಳಿಸಿದರು. ಅನೇಕ ಗೃಹಿಣಿಯರು ಅದನ್ನು ಮನೆಯಲ್ಲಿ ಮಾಡಿ, ಅದರಿಂದ ದೋಸೆ, ಗುಲಾಬ್ ಜಾಮೂನು ಮುಂತಾದ ತಿಂಡಿ ತಯಾರಿಸಿ, ಚಿತ್ರ ಮತ್ತು ಮಾಡುವ ವಿಧಾನವನ್ನು ಹಂಚಿಕೊಂಡರು. ನೋಡಿದವರು ತಾವೂ ಮಾಡಿದರು. ಆಮೇಲೆ ಹುಡಿಯನ್ನು ಕೇಳಿಕೊಂಡು ಬರುವವರು ಹುಟ್ಟಿಕೊಂಡರು. ಉತ್ತರ ಕನ್ನಡ, ದಕ್ಷಿಣ ಕನ್ನಡ ಜಿಲ್ಲೆಗಳ ಮಹಿಳೆಯರ ಈ ಕೆಲಸವನ್ನು ಪ್ರಧಾನಿಯವರು 2021ರ ಜುಲೈ ತಿಂಗಳ ‘ಮನ್ ಕಿ ಬಾತ್’ ಭಾಷಣದಲ್ಲಿ ಪ್ರಸ್ತಾಪಿಸಿದರು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಮೊದಲು ಹಂಚಿದ್ದು ತಿಳಿವಳಿಕೆ, ಮಾರಾಟ ಅದರ ಹಿಂದೆ ಬಂದದ್ದು. ನಮ್ಮ ಸಾವೆ, ರಾಗಿ, ತೆಂಗಿಗೂ ಈ ಕ್ರಮ ಹೊಂದುತ್ತದೆ. ಸಾವೆಯನ್ನು ಎಷ್ಟು ಹೊತ್ತು ನೆನೆಸಿ ಅನ್ನ ಮಾಡಬೇಕೆಂಬುದು ಪಟ್ಟಣದ ಅನೇಕ ಗೃಹಿಣಿಯರಿಗೆ ತಿಳಿಯದು. ಹೊಸದುರ್ಗದ ನಿಮ್ಮ ಮನೆಯ ಹೆಂಗಸರಿಗೆ ಅದು ನಿತ್ಯದ ಕೆಲಸ. ಅದನ್ನು ತೋರಿಸಿಕೊಡಿ.

ಯಾವ ಮಾತು ಎಲ್ಲಿ?

ಮೊಬೈಲಿನಲ್ಲಿ ಮಾತು ತಿಳಿಸುವ ಜಾಗಗಳು ಹಲವು. ಪ್ರತಿಯೊಂದಕ್ಕೂ ಅದರದೇ ರೀತಿ ಇದೆ.

1. ಸ್ಟೇಟಸ್: ವಾಟ್ಸಾಪಿನ ಸ್ಟೇಟಸ್ 24 ಗಂಟೆ ಇದ್ದು ತಾನಾಗಿ ಅಳಿಯುತ್ತದೆ. ಬೇಕಾದವರು ತಾವೇ ತೆರೆದು ನೋಡುತ್ತಾರೆ, ಬೇಡದವರಿಗೆ ತೊಂದರೆಯಿಲ್ಲ. ದಿನನಿತ್ಯ ಹೊಲದ ಚಿತ್ರ ಹಾಕಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಇದು ನಿಮ್ಮ ಸ್ವಂತ ಜಗಲಿ.

2. ಬ್ರಾಡ್‌ಕಾಸ್ಟ್ ಪಟ್ಟಿ: ಒಂದು ಪಟ್ಟಿಯಲ್ಲಿ 256 ಜನರಿಗೆ ಒಮ್ಮೆಗೇ ಸಂದೇಶ ಕಳಿಸಬಹುದು. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಬರೆದಿಟ್ಟುಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಒಮ್ಮೆ ನಿಮ್ಮಲ್ಲಿ ಕೊಂಡವರನ್ನು, “ಮುಂದಿನ ಕೊಯ್ಲಿಗೆ ತಿಳಿಸಲೇ?” ಎಂದು ಕೇಳಿ, ಒಪ್ಪಿದವರನ್ನು ಮಾತ್ರ ಈ ಪಟ್ಟಿಗೆ ಸೇರಿಸಿ. ಬೇಡವೆಂದವರನ್ನು ಅಂದೇ ತೆಗೆಯಿರಿ. ಒಪ್ಪಿ ಬಂದ ಇಪ್ಪತ್ತು ಮನೆಗಳು, ಒಪ್ಪದ ಸಾವಿರ ನಂಬರಿಗಿಂತ ಹೆಚ್ಚು.

3. ಗುಂಪು: ಒಂದು ಗುಂಪಿನಲ್ಲಿ 1024 ಜನರವರೆಗೆ ಇರಬಹುದು. ಸೇರಿದ ಕೂಡಲೇ ಮಾಲಿನ ಮಾತು ಎತ್ತಬೇಡಿ. ಒಂದೆರಡು ವಾರ ಅಲ್ಲಿಯ ರೀತಿ ನೋಡಿ, ಪ್ರಶ್ನೆಗಳಿಗೆ ತಿಳಿದಷ್ಟು ಉತ್ತರ ಕೊಡಿ. ಮಾರಾಟದ ಸಂದೇಶ ಹಾಕುವ ಮೊದಲು ಗುಂಪು ನಡೆಸುವವರನ್ನು ಕೇಳಿ. ಕೆಲವು ಗುಂಪುಗಳಲ್ಲಿ ಮಾರಾಟಕ್ಕೆಂದೇ ವಾರದ ಒಂದು ದಿನ ಇರುತ್ತದೆ. ದೇವರ ಕೆಲಸದ ಗುಂಪು, ಶಾಲೆಯ ಗುಂಪುಗಳಲ್ಲಿ ಹಾಕಲೇಬೇಡಿ.

4. ಯೂಟ್ಯೂಬ್ ಮತ್ತು ಫೇಸ್‌ಬುಕ್: ದೀರ್ಘಕಾಲ ಉಪಯೋಗಕ್ಕೆ ಬರುವ ವಿಷಯಗಳಿಗೆ ಇವು ಸೂಕ್ತ. ದಾಳಿಂಬೆ ಗಿಡದ ಚಾಟನಿ ಮಾಡುವ ಕ್ರಮವನ್ನು ಒಮ್ಮೆ ಚೆನ್ನಾಗಿ ತೋರಿಸಿದರೆ ಎರಡು ವರ್ಷದ ನಂತರವೂ ಹುಡುಕಿ ನೋಡುವವರಿರುತ್ತಾರೆ. ಆ ವಿಡಿಯೋದ ಕೊಂಡಿಯನ್ನು ಸುಮ್ಮನೆ ಎಲ್ಲೆಡೆ ಎಸೆಯಬೇಡಿ. ಯಾರಾದರೂ ಚಾಟನಿಯ ಬಗ್ಗೆ ಕೇಳಿದಾಗ ಮೊದಲು ಎರಡು ಮಾತಿನಲ್ಲಿ ಉತ್ತರ ಹೇಳಿ, “ಹೆಚ್ಚಿನ ವಿವರ ಇದರಲ್ಲಿದೆ” ಎಂದು ಕೊಂಡಿ ಕೊಡಿ. ಆಗ ಅದು ಉಪಕಾರವೆನಿಸುತ್ತದೆ.

ಸಿಕ್ಕಿದ್ದನ್ನೆಲ್ಲ ಮುಂದಕ್ಕೆ ಕಳಿಸುವ ಚಾಳಿಗೆ ವಾಟ್ಸಾಪಿನವರೇ ಕಡಿವಾಣ ಹಾಕಿದ್ದಾರೆ. 2018ರಲ್ಲಿ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸುವಂತೆ ಮಿತಿ ಮಾಡಿದರು. ಬಹಳ ಸಲ ಕೈ ಬದಲಾಯಿಸಿದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಬಹುದೆಂದು 2020ರ ಏಪ್ರಿಲ್‌ನಲ್ಲಿ ನಿಯಮ ಬಂತು. ಗೊತ್ತಿಲ್ಲದ ನಂಬರುಗಳಿಗೆ ರಾಶಿ ರಾಶಿ ಸಂದೇಶ ಕಳಿಸಿ, ಪಡೆದವರು ದೂರು ಕೊಟ್ಟರೆ ನಿಮ್ಮ ನಂಬರಿನ ವಾಟ್ಸಾಪ್ ಬಂದ್ ಆಗುವ ಸಂಭವವೂ ಉಂಟು. ಕೊಯ್ಲಿನ ವಾರದಲ್ಲಿ ಹಾಗಾದರೆ ಗತಿಯೇನು, ಯೋಚಿಸಿ.

ಹಂಗಾಮಿನ ಉದ್ದಕ್ಕೂ ಏನು ತಿಳಿಸಬೇಕು?

ಕೊಯ್ಲಾದ ದಿನ ಮಾತ್ರ ಬಾಯಿ ತೆರೆಯುವ ರೈತನನ್ನು ಯಾರೂ ಗುರುತಿಸುವುದಿಲ್ಲ. ಬಿತ್ತನೆಯಿಂದಲೇ ಮಾತು ಆರಂಭವಾಗಬೇಕು. ಮುಂಗಾರಿ ಈರುಳ್ಳಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಬಿತ್ತನೆ ಸಮಯ: ಎಂದು ಬಿತ್ತಿದಿರಿ, ಯಾವ ತಳಿ, ಎಕರೆಗೆ ಎಷ್ಟು ಬೀಜ ಹಿಡಿಯಿತು, ನಿಮ್ಮ ಊರಿನಲ್ಲಿ ಎಷ್ಟು ಮಳೆ ಬಂತು. ಇದು ಇತರ ರೈತರಿಗೆ ಬೇಕಾದ ಸುದ್ದಿ.

ಬೆಳವಣಿಗೆಯ ಸಮಯ: ಎಲೆಯ ಮೇಲೆ ನೇರಳೆ ಮಚ್ಚೆ ಕಂಡರೆ ಹತ್ತಿರದಿಂದ ಸ್ಪಷ್ಟವಾದ ಚಿತ್ರ ತೆಗೆದು ಹಾಕಿ. ಅಕ್ಕಪಕ್ಕದವರು ಎಚ್ಚರಗೊಳ್ಳುತ್ತಾರೆ. ಆದರೆ ಖಚಿತವಿಲ್ಲದೆ ಔಷಧದ ಹೆಸರು ಹಂಚಬೇಡಿ. ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ, ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಾಗಲಿ, 1800-180-1551 ಕಿಸಾನ್ ಕರೆ ಕೇಂದ್ರದಲ್ಲಾಗಲಿ ಕೇಳಿ ತಿಳಿದು ಅದನ್ನು ಗುಂಪಿಗೆ ತಿಳಿಸಿ.

ಕೊಯ್ಲಿಗೆ ಮುಂಚೆ: ಹತ್ತು ಹದಿನೈದು ದಿನ ಮೊದಲೇ, “ಇಂಥ ವಾರ ಕೀಳುತ್ತೇವೆ” ಎಂದು ಒಮ್ಮೆ ತಿಳಿಸಿ. ಕೊಳ್ಳುವವರು ಯೋಚಿಸಲು ಸಮಯ ಸಿಗುತ್ತದೆ.

ಕಿತ್ತ ಮೇಲೆ: ಗಡ್ಡೆ ಹದವಾಗಿ ಒಣಗಿಸುವುದು, ಕುತ್ತಿಗೆ ಕೊಯ್ಯುವುದು, ಜೋಡುಗಡ್ಡೆ ಮತ್ತು ಪೆಟ್ಟಾದ ಗಡ್ಡೆ ಬೇರ್ಪಡಿಸುವುದು, ಇವನ್ನು ತೋರಿಸಿ. ಪಟ್ಟಣದವರಿಗೆ, ಮನೆಯಲ್ಲಿ ಈರುಳ್ಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ ಗಾಳಿಯಾಡುವಂತೆ ಹರಡಿಡಬೇಕು ಎಂದು ಹೇಳಿ. ಅವರು ಎಲ್ಲಿ ಕೊಂಡ ಈರುಳ್ಳಿಗಾದರೂ ಆ ಮಾತು ಉಪಯೋಗಕ್ಕೆ ಬರುತ್ತದೆ. ನಿಮ್ಮನ್ನು ನೆನೆಯುವುದೂ ಆಗಲೇ.

ಸ್ಥೂಲವಾಗಿ, ಊರಿಗೆ ಉಪಯೋಗವಾಗುವ ಹತ್ತು ಮಾತಿಗೆ ಮಾಲಿನ ಮಾತು ಒಂದು. ಈ ಲೆಕ್ಕ ನಾನು ಹಾಕಿಕೊಂಡದ್ದು. ನೀವು ಎಂಟಕ್ಕೆ ಒಂದು ಮಾಡಿದರೂ ಅಡ್ಡಿಯಿಲ್ಲ, ಒಂದಕ್ಕೆ ಹತ್ತು ಮಾಡಬೇಡಿ.

ಮಾರಾಟದ ಸಂದೇಶ ಹೀಗಿರಲಿ

ಮಾಲಿನ ಮಾತು ಬಂದಾಗ ಅದು ಪೂರ್ಣವಾಗಿರಬೇಕು. “ಈರುಳ್ಳಿ ಇದೆ, ಬೇಕಾದವರು ಕರೆ ಮಾಡಿ” ಎಂಬ ಸಂದೇಶಕ್ಕೆ ಇಪ್ಪತ್ತು ಪ್ರಶ್ನೆಗಳು ಹುಟ್ಟುತ್ತವೆ. ಗುಂಪು ತುಂಬ ಅದೇ ಗದ್ದಲ. ಕೆಳಗಿನ ಮಾದರಿಯನ್ನು ನೋಡಿ.

ಮಾಲು: ಈರುಳ್ಳಿ, ಮಧ್ಯಮ ಗಾತ್ರ.
ಊರು: ಗ್ರಾಮ, ಹೋಬಳಿ, ತಾಲ್ಲೂಕಿನ ಹೆಸರು.
ಕಿತ್ತ ದಿನ ಮತ್ತು ಒಣಗಿಸಿದ ದಿನಗಳು.
ಇರುವುದು: 40 ಚೀಲ. ಕನಿಷ್ಠ ಕೊಳ್ಳಬೇಕಾದದ್ದು: ಒಂದು ಚೀಲ. ಒಂದು ಚೀಲದ ತೂಕ ಇಷ್ಟು ಕಿಲೋ.
ಬೆಲೆ: ಹೊಲದ ಹತ್ತಿರ ಕಿಲೋಗೆ ಇಷ್ಟು. ತಲುಪಿಸಬೇಕಾದರೆ ಸಾಗಣೆ ವೆಚ್ಚ ಬೇರೆ.
ಕೊರತೆ: ಅಲ್ಲಲ್ಲಿ ಜೋಡುಗಡ್ಡೆ ಇದೆ.
ಕರೆ ಮಾಡುವ ವೇಳೆ: ಸಂಜೆ 6ರಿಂದ 8.
ಕೇಳುವುದಿದ್ದರೆ ನನ್ನ ನಂಬರಿಗೆ ನೇರವಾಗಿ ಕೇಳಿ, ಗುಂಪಿನಲ್ಲಿ ಬೇಡ.

ಕೊರತೆಯನ್ನು ಬರೆಯಲು ಅನೇಕರು ಹಿಂಜರಿಯುತ್ತಾರೆ. ಹಿಂಜರಿಯಬೇಡಿ. ಕೊರತೆ ಹೇಳಿದವನ ಹೊಗಳಿಕೆಯನ್ನು ಜನ ನಂಬುತ್ತಾರೆ. ಬೆಲೆ ನಿಗದಿ ಮಾಡುವ ಮೊದಲು ಕೃಷಿ ಮಾರಾಟ ವಾಹಿನಿಯಲ್ಲಿ ಅಂದಿನ ಮಾರುಕಟ್ಟೆ ದರ ನೋಡಿಕೊಳ್ಳಿ. ಚಿತ್ರ ನಿಮ್ಮದೇ ಹೊಲದ್ದು, ಅದೇ ವಾರದ್ದು ಆಗಿರಲಿ. ಬೇರೆಯವರ ಚಿತ್ರ ಹಾಕಿ ಸಿಕ್ಕಿಬಿದ್ದರೆ ಹೋದ ಮರ್ಯಾದೆ ಆ ಹಂಗಾಮಿನಲ್ಲಿ ಮರಳಿ ಬರುವುದಿಲ್ಲ. ಗೊಬ್ಬರ, ಔಷಧ ಬಳಸಿ ಬೆಳೆದದ್ದನ್ನು ‘ಸಾವಯವ’ ಎನ್ನಬೇಡಿ. ಮಾಲು ಮುಗಿದ ದಿನ, “ಮುಗಿದಿದೆ, ಕೇಳಿದವರಿಗೆಲ್ಲ ವಂದನೆ” ಎಂದು ಒಂದು ಸಾಲು ಹಾಕಿ. ಇದನ್ನು ಮರೆಯುವವರೇ ಹೆಚ್ಚು. ಮುಗಿದ ಮೇಲೂ ಕರೆ ಮಾಡಿದವರು ಎರಡನೆಯ ಸಲ ಕರೆ ಮಾಡುವುದಿಲ್ಲ.

ಹುರಿಹಿಟ್ಟು, ಉಪ್ಪಿನಕಾಯಿ, ಗಾಣದ ಎಣ್ಣೆಯಂಥ ತಯಾರಿಸಿದ ಪದಾರ್ಥ ಮಾರುವ ಸ್ವಸಹಾಯ ಗುಂಪಿನ ಸೋದರಿಯರು, 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ ನೋಂದಣಿ ಮಾಡಿಸಿಕೊಂಡು, ಆ ಸಂಖ್ಯೆಯನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು. ಸಂದೇಶದಲ್ಲಿಯೂ ಅದನ್ನು ಬರೆದರೆ ನಂಬಿಕೆ ಹೆಚ್ಚುತ್ತದೆ.

ಹಣದ ವಿಷಯದಲ್ಲಿ ಎಚ್ಚರ

ನಿಮ್ಮ ನಂಬರು ಹತ್ತು ಕಡೆ ಹೋದ ಮೇಲೆ ಮೋಸಗಾರರ ಕಣ್ಣಿಗೂ ಬೀಳುತ್ತದೆ. “ನಾನು ಸೈನ್ಯದಲ್ಲಿದ್ದೇನೆ, ಕ್ಯಾಂಟೀನಿಗೆ ಐವತ್ತು ಚೀಲ ಬೇಕು, ಹಣ ಕಳಿಸುತ್ತೇನೆ, ಈ ಚಿತ್ರವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ” ಎನ್ನುವ ಕರೆಗಳು ಬರುತ್ತವೆ. ಇದೊಂದನ್ನು ಮನೆಮಂದಿಗೆಲ್ಲ ಹೇಳಿಡಿ: ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ. ಹಾಗೇನಾದರೂ ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ಕೊಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ.

ಕೊನೆಯ ಮಾತು

ಮೊದಲು ಹೇಳಿದ ಹೊಸದುರ್ಗದ ರೈತರು ಏನಾದರು ಎಂದು ನೀವು ಕೇಳಬಹುದು. ಮುಂದಿನ ಹಂಗಾಮಿನಲ್ಲಿ ಇಬ್ಬರೂ ಕುಳಿತು ಯೋಚಿಸಿದೆವು. ಹದಿನಾಲ್ಕು ಗುಂಪುಗಳಲ್ಲಿ ಮೂರನ್ನು ಮಾತ್ರ ಉಳಿಸಿಕೊಂಡರು. ತಮ್ಮ ಊರಿನ ಮಳೆ ಲೆಕ್ಕವನ್ನು ಮಳೆ ಬಂದ ಮರುದಿನ ಬೆಳಿಗ್ಗೆ ಹಾಕತೊಡಗಿದರು. ಎರಡು ತಿಂಗಳಲ್ಲಿ ಜನ, “ಇವತ್ತು ನಿಮ್ಮ ಕಡೆ ಎಷ್ಟು ಬಂತು?” ಎಂದು ಅವರನ್ನೇ ಕೇಳುವಂತಾಯಿತು. ಕೊಯ್ಲಿನ ವಾರ ಅವರು ಒಂದೇ ಒಂದು ಸಂದೇಶ ಹಾಕಿದರು. ಆ ವರ್ಷ ಮನೆಗಳಿಗೆ ನೇರವಾಗಿ ಹೋದದ್ದು ಮೂವತ್ತೈದು ಚೀಲ. ಉಳಿದದ್ದು ಎಂದಿನಂತೆ ಮಂಡಿಗೇ ಹೋಯಿತು. ದೊಡ್ಡ ಸಂಖ್ಯೆಯೇನಲ್ಲ. ಇಡೀ ಬೆಳೆ ಮೊಬೈಲಿನಲ್ಲೇ ಮಾರಾಟವಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಆ ಮೂವತ್ತೈದು ಚೀಲಕ್ಕೆ ಬೆಲೆ ಕಟ್ಟಿದವರು ಅವರೇ.

ಆ ಸಲವೂ ಒಂದು ರಾತ್ರಿ ಮೋಡ ಕವಿದು ಗುಡುಗು ಬಂತು. ಅವರು ಗುಂಪಿಗೆ, “ತಾಡಪಾಲು ಎರಡು ಬೇಕಿತ್ತು” ಎಂದು ಬರೆದರು. ಅರ್ಧ ಗಂಟೆಯಲ್ಲಿ ಪಕ್ಕದ ಊರಿನವರೊಬ್ಬರು ಬೈಕಿನ ಹಿಂದೆ ಕಟ್ಟಿಕೊಂಡು ಬಂದರು. ಅವರು ಈರುಳ್ಳಿ ಕೊಂಡವರಲ್ಲ, ಮಳೆ ಲೆಕ್ಕ ಓದುತ್ತಿದ್ದವರು.

ಈ ಹಂಗಾಮಿನಲ್ಲಿ ನೀವೂ ಪ್ರಯತ್ನಿಸಿ ನೋಡಿ. ಮೊದಲು ನಿಮ್ಮ ಫೋನಿನಲ್ಲಿರುವ ಗುಂಪುಗಳ ಪಟ್ಟಿ ಮಾಡಿ, ಯಾವುದರಲ್ಲಿ ನಿಮ್ಮ ಮಾತಿನಿಂದ ನಾಲ್ಕು ಜನಕ್ಕೆ ಉಪಯೋಗವಿದೆಯೋ ಅದನ್ನು ಗುರುತು ಹಾಕಿಕೊಳ್ಳಿ. ನಾಳೆ ಬೆಳಿಗ್ಗೆ ಹೊಲಕ್ಕೆ ಹೋದಾಗ ಕಂಡ ಒಂದು ಹೊಸ ವಿಷಯವನ್ನು ಅಲ್ಲಿ ಬರೆಯಿರಿ. ಮಾಲಿನ ಮಾತು ಕೊಯ್ಲಿಗೆ ಇರಲಿ.